ಏಳನೇ ನಂಬರಿನ ಕುದುರೆ

ಧಮ್ಮಪಾಲನ ಕೆಲಸ ಸಿಳ್ಳೆ ಹಾಕುವುದಾಗಿತ್ತು. ಹಾಗೆಂದರೆ ಕೇಳಿದವರು ನಗುತ್ತಿದ್ದರು. ಆದರೆ ಬೆಂಗಳೂರಿನ ರೇಸು ಮೈದಾನದಲ್ಲಿ ಇಪ್ಪತ್ತೆರಡು ವರ್ಷ ಅವನು ಸಂಬಳ ಪಡೆದದ್ದು ಅದಕ್ಕೇ. ಓಟ ಮುಗಿದ ಕೂಡಲೇ ಗೆದ್ದ ಕುದುರೆಯನ್ನು, ಕೆಲವೊಮ್ಮೆ ಸೋತದ್ದನ್ನೂ, ಮೈದಾನದ ಹಿಂದಿನ ಒಂದು ಕೋಣೆಗೆ ತರುತ್ತಿದ್ದರು. ಮದ್ದು ಕೊಟ್ಟು ಓಡಿಸಿದ್ದಾರೆಯೇ ಎಂದು ತಿಳಿಯಲು ಕುದುರೆಯ ಉಚ್ಚೆ ಹಿಡಿದು ಪರೀಕ್ಷೆಗೆ ಕಳಿಸಬೇಕೆನ್ನುವುದು ನಿಯಮ. ಈಗ ಉಚ್ಚೆ ಹೊಯ್ಯಿ ಎಂದು ಕುದುರೆಗೆ ಯಾರು ಹೇಳಬೇಕು? ಧಮ್ಮಪಾಲ ಉದ್ದ ಕೋಲಿಗೆ ಕಟ್ಟಿದ ಡಬ್ಬಿ ಹಿಡಿದು ಮೂಲೆಯಲ್ಲಿ ನಿಂತು, ಸಣ್ಣಗೆ, ಒಂದೇ ಸ್ವರದಲ್ಲಿ ಸಿಳ್ಳೆ ಹಾಕುತ್ತಿದ್ದ. ಮರಿಯಾಗಿದ್ದಾಗಿನಿಂದ ಲಾಯದಲ್ಲಿ ಆ ಸದ್ದಿಗೆ ರೂಢಿಯಾದ ಕುದುರೆಗಳು ಸ್ವಲ್ಪ ಹೊತ್ತಿಗೆ ಹಿಂಗಾಲು ಅಗಲಿಸಿ ನಿಲ್ಲುತ್ತಿದ್ದವು. ಕೆಲವು ಐದು ನಿಮಿಷಕ್ಕೆ, ಕೆಲವು ಒಂದು ತಾಸಿಗೆ. ಆಮೇಲೆ ಎರಡು ಬಾಟಲಿಗೆ ತುಂಬಿ, ಬಿರಡೆ ಹಾಕಿ, ಅರಗು ಒತ್ತಿ, ಕುದುರೆಯ ಕಡೆಯವರ ಸಹಿ ಪಡೆದರೆ ಅವನ ಕೆಲಸ ಮುಗಿಯಿತು.

ಸೇರಿದ ದಿನವೇ ಅಲ್ಲಿನ ಹಿರಿಯ ವೈದ್ಯರು ಅವನನ್ನು ಕೂರಿಸಿಕೊಂಡು ಹೇಳಿದ್ದರು. ಲಾಯದವರ ಜೊತೆ ಊಟ ಮಾಡಬೇಡ. ಅವರ ಕೈಯ ಚಹಾ ಕುಡಿಯಬೇಡ. ಅವರ ಮನೆ ಮದುವೆಗೆ ಹೋಗಬೇಡ. ನಿನ್ನ ಕೈಯಲ್ಲಿ ಬಾಟಲಿ ಇರುತ್ತದೆ, ನಾಳೆ ಯಾರೂ ನಿನ್ನ ಕಡೆ ಬೆರಳು ತೋರಿಸುವಂತಾಗಬಾರದು. ಜೇವರ್ಗಿ ತಾಲ್ಲೂಕಿನಿಂದ ಗಾರೆ ಕೆಲಸಕ್ಕೆಂದು ಹೋಗಿ, ಗೋಡೆ ಕಟ್ಟುವಾಗ ಬೆದರಿದ ಕುದುರೆಯೊಂದನ್ನು ಸಮಾಧಾನ ಮಾಡಿದ್ದಕ್ಕೆ ಸಿಕ್ಕ ನೌಕರಿ ಅದು. ಧಮ್ಮಪಾಲ ಆ ಮಾತನ್ನು ಒಂದಿನಿತೂ ಮೀರಲಿಲ್ಲ. ಅವನು ಬಂದರೆ ಲಾಯದ ಆಳುಗಳು ಮಾತು ನಿಲ್ಲಿಸುತ್ತಿದ್ದರು. ಹಬ್ಬದ ದಿನ ಯಾರೋ ಹೊಸಬ ಸಿಹಿ ಹಿಡಿದು ಅವನ ಕಡೆ ಬರುತ್ತಿದ್ದ, ಉಳಿದವರು ಕರೆದು ಏನೋ ಹೇಳುತ್ತಿದ್ದರು, ಆ ಹೊಸಬ ಅಲ್ಲಿಂದಲೇ ತಿರುಗಿ ಹೋಗುತ್ತಿದ್ದ. ಎರಡು ಸಲ ಮದುವೆಯ ಮಾತು ಬಂದು, ವರ್ಷಕ್ಕೆ ಇಪ್ಪತ್ತು ದಿನ ಮಾತ್ರ ಊರಿಗೆ ಬರುವ ಗಂಡು ಯಾರಿಗೆ ಬೇಕೆಂದು ನಿಂತುಹೋಯಿತು. ಮೂರನೆಯ ಸಲ ಅವನೇ ಬೇಡವೆಂದ.

ಸರಕಾರ ಪರವಾನಗಿ ಕೊಡದೆ ರೇಸು ನಿಂತ ವರ್ಷ, ವ್ಯಾಜ್ಯ ಕೋರ್ಟಿಗೆ ಹೋದಾಗ, ಲಾಯದವರೆಲ್ಲ ಒಂದಾಗಿ ಗೇಟಿನ ಮುಂದೆ ಕೂತರು. ಧಮ್ಮಪಾಲನನ್ನು ಯಾರೂ ಕರೆಯಲಿಲ್ಲ. ಕುದುರೆಗಳು ಓಡದಿದ್ದರೆ ಬಾಟಲಿಗೂ ಕೆಲಸವಿರಲಿಲ್ಲ. ಎರಡು ತಿಂಗಳು ಕಾದು, ಒಂದು ಟ್ರಂಕು ಹಿಡಿದು ಅವನು ಊರಿಗೆ ಬಂದ. ಊರಲ್ಲಿ ಅಣ್ಣನ ಮಕ್ಕಳು, ಅವರ ಮಕ್ಕಳು. ಹೋಗು ಎಂದು ಯಾರೂ ಅನ್ನಲಿಲ್ಲ, ಆದರೆ ಆ ಟ್ರಂಕನ್ನು ಇಡಲು ಮನೆಯಲ್ಲಿ ಒಂದು ಮೂಲೆ ಸಿಗಲಿಲ್ಲ; ದಿನಕ್ಕೊಂದು ಕಡೆ ಅದು ಸರಿಯುತ್ತಿತ್ತು. ಎಂಟನೆಯ ದಿನ ಅವನು ಅಫಜಲಪುರಕ್ಕೆ ಹೋದ. ಅಲ್ಲಿನ ಪಶು ಆಸ್ಪತ್ರೆಯಲ್ಲಿ ದನ ಹಿಡಿಯುವ ಆಳು ಬೇಕಾಗಿತ್ತು. ವೈದ್ಯೆ ಶೈಲಶ್ರೀ, ಮೂವತ್ತು ದಾಟಿರದ ಹೆಣ್ಣುಮಗಳು, ಅವನು ಒದೆಯುವ ಎಮ್ಮೆಯೊಂದನ್ನು ಕಿವಿಯ ಹಿಂದೆ ತುರಿಸುತ್ತ ನಿಲ್ಲಿಸಿದ್ದನ್ನು ನೋಡಿ, "ನಾಳಿಂದ ಬರ್ರಿ" ಎಂದಳು. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕೋಣೆ ಹಿಡಿದ. ಐವತ್ತೆರಡು ವರ್ಷ ಅವನಿಗೆ.

ಫಯಾಜ ಸಿಕ್ಕಿದ್ದು ಡಿಸೆಂಬರಿನಲ್ಲಿ. ಆಟೋ ಓಡಿಸುವ, ಮೂವತ್ತೈದರ ಆಸುಪಾಸಿನ ಮನುಷ್ಯ. ಅವನ ತಂದೆ ಅಬ್ದುಲ್ ಗನಿ ಅಫಜಲಪುರದ ಕೊನೆಯ ಟಾಂಗಾ ಹೊಡೆದವರು. ಹಿಂದಿನ ವರ್ಷ ತೀರಿಕೊಂಡಿದ್ದರು. ಫಯಾಜ ಸಾಂಗಲಿ ಕಡೆಯ ಸಂತೆಯಿಂದ ಒಂದು ಕೆಂದು ಬಣ್ಣದ ಹೆಣ್ಣು ಕುದುರೆ ತಂದಿದ್ದ. ರೇಶಮಾ ಎಂದು ಹೆಸರಿಟ್ಟಿದ್ದ. ಅದು ಎಡ ಮುಂಗಾಲು ಕುಂಟುತ್ತಿದೆಯೆಂದು ಆಸ್ಪತ್ರೆಗೆ ಹೊಡೆದುಕೊಂಡು ಬಂದ.

ಧಮ್ಮಪಾಲ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಕಾಲನ್ನು ಎತ್ತಿ, ಹಿಂಬದಿಯ ನರದ ಮೇಲೆ ಹೆಬ್ಬೆರಳು ಆಡಿಸಿದ. ಬಿಸಿಯಿತ್ತು. ಆಮೇಲೆ ಕುದುರೆಯ ಮುಖ ನೋಡಿದ, ಕೊರಳು ನೋಡಿದ, ಅದು ನಿಂತ ಬಗೆ ನೋಡಿದ.

"ಇದು ಟಾಂಗಾ ಕುದ್ರಿ ಅಲ್ಲ. ರೇಸಿನ್ಯಾಗ ಓಡಿದ್ದು" ಎಂದ.

"ನಿಮಗ ಹ್ಯಾಂಗ ಗೊತ್ತಾತ್ರಿ ಕಾಕಾ?"

"ಗೊತ್ತಾಗ್ತದ."

"ಕಾಲು?"

"ತಣ್ಣೀರು. ಮುಂಜಾನೆ ಅರ್ಧಾ ತಾಸು, ಸಂಜೀಕ ಅರ್ಧಾ ತಾಸು. ಯುಗಾದಿ ತನಕ ಓಡಿಸಬ್ಯಾಡ. ಬರೇ ನಡಸು."

ತಣ್ಣೀರು ಹಾಕುವ ಬಗೆ ತೋರಿಸಲು ಮರುದಿನ ಸಂಜೆ ಅವನೇ ಫಯಾಜನ ಮನೆಗೆ ಹೋದ. ಅಂಗಳದಲ್ಲಿ ಬೇವಿನ ಮರ, ಮರದ ಕೆಳಗೆ ಅಬ್ದುಲ್ ಗನಿಯ ಹಳೆಯ ಟಾಂಗಾ, ಪಕ್ಕದಲ್ಲಿ ಓಟದ ಹಗುರ ಗಾಡಿ. ಫಯಾಜನ ತಾಯಿ ಮೆಹರಾಜಬೇಗಂ ಚಹಾ ತಂದಿಟ್ಟಳು. ಧಮ್ಮಪಾಲನ ಕೈ ಕಪ್ಪಿನ ತನಕ ಹೋಗಿ ನಿಂತಿತು.

"ಯಾಕ ಭಾಯಿ, ನಮ್ಮ ಮನ್ಯಾಗ ಕುಡಿಯೂದಿಲ್ಲೇನು?" ಎಂದಳು ಅವಳು, ಸ್ವಲ್ಪ ಗಡುಸಾಗಿ.

"ಹಂಗಲ್ರಿ ಅಕ್ಕಾ. ರೂಢಿ ತಪ್ಪೇದ."

ಯಾವ ರೂಢಿ ಎಂದು ಅವಳು ಕೇಳಲಿಲ್ಲ. ಅವನು ಕುಡಿದ. ಶುಂಠಿ ಹಾಕಿದ್ದಳು, ಸಕ್ಕರೆ ಜಾಸ್ತಿಯಿತ್ತು. ಮರುದಿನವೂ ಹೋದ. ಆಮೇಲೆ ಆಸ್ಪತ್ರೆ ಬಾಗಿಲು ಹಾಕಿದ ಮೇಲೆ ಅವನ ಕಾಲು ತಾನಾಗಿಯೇ ಆ ಕಡೆ ತಿರುಗತೊಡಗಿತು. ಒಂದು ದಿನ ಹೋಗದಿದ್ದರೆ ಫಯಾಜ ಆಟೋ ತಂದು ಕೋಣೆಯ ಮುಂದೆ ನಿಲ್ಲಿಸಿ, "ಏನ್ರಿ ಕಾಕಾ, ಮೈಯಾಗ ಆರಾಮ ಇಲ್ಲೇನು? ಅಮ್ಮಿ ಕೇಳಾಕತ್ತಾಳ" ಎನ್ನುತ್ತಿದ್ದ. ತನ್ನನ್ನು ಯಾರೋ ಕೇಳಿದ್ದಾರೆ ಎನ್ನುವುದು ಧಮ್ಮಪಾಲನಿಗೆ ಎಷ್ಟು ಹೊಸತಾಗಿತ್ತೆಂದರೆ, ಮೊದಲ ಸಲ ಅದಕ್ಕೆ ಏನು ಉತ್ತರ ಕೊಡಬೇಕೆಂದೇ ತಿಳಿಯದೆ, ಬಾಗಿಲಿಗೆ ಬೀಗ ಹಾಕುವುದನ್ನೂ ಮರೆತು ಆಟೋ ಹತ್ತಿದ್ದ.

ಜೋಳದ ರೊಟ್ಟಿ, ಪುಂಡಿಪಲ್ಲೆ, ಶುಕ್ರವಾರವಾದರೆ ಒಂದಿಷ್ಟು ಮಾಂಸ. ತಿನ್ನುತ್ತ ಅವನು ಬೆಂಗಳೂರಿನ ಕತೆ ಹೇಳುತ್ತಿದ್ದ. ಸಿಳ್ಳೆಯ ಕತೆ ಹೇಳಿದ ದಿನ ಫಯಾಜ ನಂಬಲಿಲ್ಲ. ಧಮ್ಮಪಾಲ ಎದ್ದು ರೇಶಮಾಳ ಹತ್ತಿರ ಹೋಗಿ ಸಣ್ಣಗೆ ಸಿಳ್ಳೆ ಹಾಕಿದ. ಕುದುರೆ ಕಿವಿ ನಿಗುರಿಸಿತು, ತಲೆ ತಿರುಗಿಸಿ ಅವನನ್ನು ನೋಡಿತು, ಹಿಂಗಾಲು ಅಗಲಿಸಿತು. ಮೆಹರಾಜಬೇಗಂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಫಯಾಜ ನಕ್ಕು ನಕ್ಕು ಕಣ್ಣೊರೆಸಿಕೊಂಡ. ಧಮ್ಮಪಾಲನೂ ನಕ್ಕ. ಕೋಣೆಗೆ ಬಂದು ಮಲಗಿದ ಮೇಲೂ ಒಂದೆರಡು ಸಲ ಅವನಿಗೆ ನಗು ಬಂತು.

ಅಫಜಲಪುರದ ಹೊರಗೆ, ಭೀಮಾ ನದಿಯ ಕಡೆ ಹೋಗುವ ದಾರಿಯಲ್ಲಿ, ತೊಗರಿ ಕೊಯ್ದಾದ ಮೇಲೆ ಕುದುರೆ ಗಾಡಿಗಳ ಓಟದ ಶರ್ಯತ್ತು ನಡೆಯುತ್ತಿತ್ತು. ಒಂಬತ್ತು ವರ್ಷದಿಂದ ಅದು ನಿಂತಿತ್ತು. ಯಾರು ಕೇಳಿದರೂ ಅನುಮತಿ ಸಿಕ್ಕಿರಲಿಲ್ಲ. ಆ ವರ್ಷ ಶರ್ಯತ್ತಿನ ಕಮಿಟಿಯ ಹಿರಿಯ ಜಗದೇವಪ್ಪ, ಭೂಸನೂರಿನ ಕಾರ್ಖಾನೆಗೆ ಕಬ್ಬು ಕಳಿಸುವ ದೊಡ್ಡ ರೈತ, ಕಚೇರಿಯಿಂದ ಕಚೇರಿಗೆ ಅಲೆದು ಅನುಮತಿ ತಂದ. ಕಾಗದದಲ್ಲಿ ಹನ್ನೊಂದು ಷರತ್ತುಗಳಿದ್ದವು. ಚಾಬೂಕು ಬೀಸಬಾರದು. ಮೊಳೆ ಹೊಡೆದ ಕೋಲು ಇರಬಾರದು. ಕುಡಿದವರು ಗಾಡಿ ಹತ್ತಬಾರದು. ಎಲ್ಲವನ್ನೂ ವಿಡಿಯೊ ಮಾಡಬೇಕು. ಪ್ರತಿ ಕುದುರೆಯನ್ನೂ ಪಶುವೈದ್ಯರು ನೋಡಿ ಸಹಿ ಹಾಕಬೇಕು. ಸಹಿ ಇಲ್ಲದ ಕುದುರೆ ಓಡುವಂತಿಲ್ಲ. ಮದ್ದಿನ ಅನುಮಾನ ಬಂದರೆ ಉಚ್ಚೆ ಹಿಡಿದು ಪರೀಕ್ಷೆಗೆ ಕಳಿಸಬೇಕು. "ಶರ್ಯತ್ತಿಗಿಂತ ಷರತ್ತೇ ಜಾಸ್ತಿ ಆದವಲ್ಲೋ" ಎಂದು ಜನ ನಗಾಡಿಕೊಂಡರು.

ಶೈಲಶ್ರೀ ಆ ಕಾಗದ ಮೇಜಿನ ಮೇಲಿಟ್ಟು ಧಮ್ಮಪಾಲನನ್ನು ಕರೆದಳು.

"ನಾ ಕಾಲೇಜಿನ್ಯಾಗ ಕುದ್ರಿ ಓದೇನಿ ಅಷ್ಟೇರಿ. ಕೈಯಾಗ ಹಿಡದದ್ದು ಕಮ್ಮಿ. ನೀವು ನನ್ನ ಜೋಡಿ ಇರಬೇಕು. ನಿಮ್ಮ ಹೆಸರು ತಪಾಸಣಿ ತಂಡದಾಗ ಬರದೇನಿ."

"ಆತ್ರಿ ಮೇಡಂ" ಎಂದ. ಆ ಕ್ಷಣ ಅವನಿಗೆ ಫಯಾಜನ ನೆನಪು ಬರಲಿಲ್ಲ. ಬಂದದ್ದು ಸಂಜೆ, ಅಂಗಳದಲ್ಲಿ ಓಟದ ಗಾಡಿಯ ಗಾಲಿಗೆ ಎಣ್ಣೆ ಬಿಡುತ್ತಿದ್ದ ಫಯಾಜನನ್ನು ನೋಡಿದಾಗ.

"ಏನಿದು?"

"ಓಡಸ್ತೇನಿ ಕಾಕಾ. ಒಂದ ಸಲ."

"ಕಾಲು ಇನ್ನಾ ಬಿಸಿ ಅದ. ಯುಗಾದಿ ತನಕ ಬ್ಯಾಡ ಅಂದಿದ್ದೆ."

"ನಮ್ಮ ಅಬ್ಬಾ ಇದೇ ಗಾಡಿ ಮ್ಯಾಲ ಮೂರು ಸಲ ಗೆದ್ದಾರ. ಸಾಯೋ ಮುಂದ ಅನುಮತಿ ಬಂತೇನೋ, ಬಂತೇನೋ ಅಂತ ಕೇಳಕೋತ ಇದ್ದರು. ಈಗ ಬಂದದ. ಮುಂದಿನ ವರ್ಷ ಕೊಡ್ತಾರೋ ಇಲ್ಲೋ ಯಾರಿಗೊತ್ತು."

ಧಮ್ಮಪಾಲ ಕುದುರೆಯ ಕಾಲು ಮುಟ್ಟಿ ನೋಡಿದ. ಮೊದಲಿಗಿಂತ ಕಡಿಮೆ, ಆದರೆ ಬಿಸಿಯೇ. ಇನ್ನೂ ಹತ್ತು ದಿನವಿದೆ, ಈ ಕಾಲು ನೋಡಿ ಫಯಾಜನೇ ಬಿಟ್ಟಾನು ಎಂದುಕೊಂಡ. ತಪಾಸಣೆಗೆ ತಾನೇ ಬರುತ್ತೇನೆ ಎಂಬುದನ್ನು ಹೇಳಿದ. ಫಯಾಜ, "ಛಲೋ ಆತಲ್ರಿ. ನಮ್ಮವರೇ ಇದ್ದಂಗಾತು" ಎಂದ. ಆ ವಾರ ಆಸ್ಪತ್ರೆಯಲ್ಲಿ ಲಸಿಕೆಯ ಕೆಲಸ ಹೆಚ್ಚಿತ್ತು. ಹಳ್ಳಿ ಹಳ್ಳಿ ತಿರುಗಿ ಬರುವುದೇ ಆಯಿತು. ಶರ್ಯತ್ತಿನ ಹಿಂದಿನ ದಿನ ಸಂಜೆ ಹೋದಾಗಲೂ ನರ ಬಿಸಿಯಾಗಿತ್ತು, ಕುದುರೆ ತಿರುಗುವಾಗ ಎಡಗಾಲನ್ನು ತುಸು ಎತ್ತಿಡುತ್ತಿತ್ತು.

ಶರ್ಯತ್ತಿನ ದಿನ ಮುಂಜಾನೆ ಎಂಟಕ್ಕೇ ಹೊಲದ ಬದುವಿನ ಮೇಲೆ ಜನ ತುಂಬಿದ್ದರು. ಹದಿಮೂರು ಗಾಡಿಗಳು ಬಂದಿದ್ದವು. ಒಂದು ಜಾಲಿ ಮರದ ಕೆಳಗೆ ಮೇಜು ಹಾಕಿ ಶೈಲಶ್ರೀ ಕೂತಿದ್ದಳು. ಧಮ್ಮಪಾಲ ಒಂದೊಂದೇ ಕುದುರೆಯನ್ನು ಹತ್ತು ಹೆಜ್ಜೆ ನಡೆಸಿ, ತಿರುಗಿಸಿ, ಕಾಲು ಮುಟ್ಟಿ, ಬಾಯಿ ತೆರೆದು ನೋಡಿ, "ಅಡ್ಡಿ ಇಲ್ರಿ" ಎಂದರೆ ಅವಳು ಸಹಿ ಹಾಕಿ ನಂಬರಿನ ಬಟ್ಟೆ ಕೊಡುತ್ತಿದ್ದಳು. ಪೊಲೀಸಿನವನೊಬ್ಬ ವಿಡಿಯೊ ಮಾಡುತ್ತಿದ್ದ.

ಏಳನೆಯದು ರೇಶಮಾ. ಫಯಾಜ ಬಿಳಿ ಅಂಗಿ ಹಾಕಿದ್ದ. ತಂದೆಯ ಕೆಂಪು ರುಮಾಲು ಸುತ್ತಿದ್ದ. "ಸಲಾಮ್ ಕಾಕಾ" ಎಂದು ನಕ್ಕ. ಧಮ್ಮಪಾಲ ಕುದುರೆಯನ್ನು ನಡೆಸಿದ. ಅದು ನೆಟ್ಟಗೆ ನಡೆಯಿತು. ತಿರುಗಿಸಿದ. ಎಡಗಾಲನ್ನು ಪೂರ್ತಿ ಊರಿ ತಿರುಗಿತು. ಬಗ್ಗಿ ಮುಟ್ಟಿದ. ನಿನ್ನೆ ಸಂಜೆ ಬಿಸಿಯಾಗಿದ್ದ ನರ ತಣ್ಣಗಿತ್ತು, ಒತ್ತಿದರೂ ಕುದುರೆ ಅಳುಕಲಿಲ್ಲ. ಅವನು ಎದ್ದು ಕೊರಳ ಮೇಲೆ ಕೈ ಆಡಿಸಿದ. ಜೂಲಿನ ಕೆಳಗೆ ಒಂದು ಕಡೆ ಅವರೆಕಾಳಿನಷ್ಟು ಗಂಟು. ಅಲ್ಲಿ ಕೂದಲು ಒಂದಿಷ್ಟು ಅಂಟಾಗಿತ್ತು.

ನೋವು ಗೊತ್ತಾಗದ ಕಾಲನ್ನು ಕುದುರೆ ಉಳಿಸಿಕೊಂಡು ಓಡುವುದಿಲ್ಲ. ಕುಂಟಿದರೆ ತಾನೇ ಅದು ನಿಲ್ಲುವುದು. ಮುಂಗಾಲು ಮುರಿದು ಬಿದ್ದ ಕುದುರೆಯನ್ನು ಧಮ್ಮಪಾಲ ಎರಡು ಸಲ ನೋಡಿದ್ದ. ಆಮೇಲೆ ಅದಕ್ಕೆ ಮಾಡಬಹುದಾದದ್ದು ಒಂದೇ.

ಅವನು ಫಯಾಜನ ಕಡೆ ನೋಡಲಿಲ್ಲ. ನೇರ ಮೇಜಿನ ಹತ್ತಿರ ಹೋಗಿ, ಇಪ್ಪತ್ತೆರಡು ವರ್ಷ ಹೇಗೆ ಹೇಳುತ್ತಿದ್ದನೋ ಹಾಗೇ ಹೇಳಿದ.

"ಮೇಡಂ, ಏಳನೇ ನಂಬರ್. ಇಂಜೆಕ್ಷನ್ ಅನುಮಾನ ಅದ. ಸ್ಯಾಂಪಲ್ ಹಿಡೀಬೇಕು."

ಶೈಲಶ್ರೀ ತಲೆಯೆತ್ತಿದಳು. ಅವನು ದಿನಾ ಸಂಜೆ ಯಾರ ಮನೆಗೆ ಹೋಗುತ್ತಾನೆಂದು ಅವಳಿಗೆ ಗೊತ್ತಿತ್ತು. "ಖಾತ್ರಿ ಅದ ಏನ್ರಿ?" ಎಂದಳು. ಅವನು ಹೌದೆಂದು ತಲೆಯಾಡಿಸಿದ. ಅವಳು ಕಾಗದದ ಮೇಲೆ ಬರೆದುಕೊಂಡಳು. ಪೊಲೀಸಿನವನು ಕ್ಯಾಮೆರಾ ಇತ್ತ ತಿರುಗಿಸಿದ. ಜಗದೇವಪ್ಪ ಏನಾಯಿತೆಂದು ಕೇಳುತ್ತ ಬಂದ, ಅವನ ಹಿಂದೆ ಇಪ್ಪತ್ತು ಜನ ಬಂದರು.

ಕುದುರೆಯನ್ನು ಗಾಡಿಯಿಂದ ಬಿಚ್ಚಿ ಜಾಲಿ ಮರದ ಹಿಂದೆ ತಂದರು. ಧಮ್ಮಪಾಲ ಕೋಲಿಗೆ ಡಬ್ಬಿ ಕಟ್ಟಿದ. ಲಗಾಮು ಹಿಡಿದಿದ್ದ ಫಯಾಜ ಅವನಿಗೊಬ್ಬನಿಗೇ ಕೇಳುವಂತೆ ಹೇಳಿದ:

"ಕಾಕಾ, ಸಿಳ್ಳಿ ಹೊಡೀಬ್ಯಾಡ್ರಿ. ಒಂದ ತಾಸು ಸುಮ್ಮ ನಿಂತು ಬರಲಿಲ್ಲ ಅಂದುಬಿಡ್ರಿ. ನಿಮ್ಮ ಕಾಲಿಗೆ ಬೀಳ್ತೇನಿ."

ಧಮ್ಮಪಾಲನ ಬಾಯಿ ಒಣಗಿತ್ತು. ಮೊದಲ ಸಲ ಸದ್ದೇ ಬರಲಿಲ್ಲ, ಬರೀ ಗಾಳಿ ಬಂತು. ತುಟಿ ಒದ್ದೆ ಮಾಡಿಕೊಂಡು ಮತ್ತೆ ಹಾಕಿದ. ಕುದುರೆ ಕಿವಿ ನಿಗುರಿಸಿ, ತಿರುಗಿ ಅವನನ್ನು ನೋಡಿತು. ಎರಡು ನಿಮಿಷವೂ ಆಗಿರಲಿಲ್ಲ, ಹಿಂಗಾಲು ಅಗಲಿಸಿತು. ನೋಡುತ್ತಿದ್ದವರಲ್ಲಿ ಕೆಲವರು ಹೋ ಎಂದು ನಕ್ಕರು. ಫಯಾಜ ನಗಲಿಲ್ಲ. ಅವನು ಕುದುರೆಯ ಹಣೆಗೆ ತನ್ನ ಹಣೆ ಒತ್ತಿ ನಿಂತಿದ್ದ.

ಬಾಟಲಿಯ ಚೀಟಿಯ ಮೇಲೆ ಮಾಲಕನ ಸಹಿ ಬೇಕಿತ್ತು. ಧಮ್ಮಪಾಲ ಪೆನ್ನು ಹಿಡಿದು ಚಾಚಿದ. ಫಯಾಜ ಓದಲಿಲ್ಲ, ಸಹಿ ಹಾಕಿ, ಪೆನ್ನನ್ನು ಅವನ ಕೈಗೆ ಕೊಡದೆ ಮೇಜಿನ ಮೇಲಿಟ್ಟ.

"ಒಬ್ಬರ ಕುದ್ರಿಗೆ ಹಿಂಗ ಮಾಡಿದ್ರ ಹ್ಯಾಂಗ?" ಎಂದು ಜಗದೇವಪ್ಪ ದನಿ ಎತ್ತಿದ. "ಒಂಬತ್ತು ವರ್ಷದ ಮ್ಯಾಲ ನಡೆಯಾಕತ್ತದ. ಬೆಂಗಳೂರಿನ ಕಾಯದೆ ಇಲ್ಲಿ ತಂದು ಹಚ್ಚಬ್ಯಾಡ್ರಿ. ಗನಿ ಸಾಬನ ಮಗ ಅವ."

"ಕಾಯದೆ ನಿಮ್ಮ ಕಾಗದದಾಗೇ ಅದರಿ ಅಪ್ಪಾಜಿ" ಎಂದಳು ಶೈಲಶ್ರೀ. "ನೀವೇ ಸಹಿ ಮಾಡೀರಿ. ಈ ಕುದ್ರಿಗೆ ನಾ ಸಹಿ ಹಾಕೂದಿಲ್ಲ. ಮುಂದಿಂದು ಕರೀರಿ."

ಫಯಾಜ ಗಾಡಿಯನ್ನು ಅಲ್ಲೇ ಬಿಟ್ಟು ಕುದುರೆಯನ್ನು ಹಿಡಿದುಕೊಂಡು ಊರ ಕಡೆ ನಡೆದ. ಜನ ಬದಿಗೆ ಸರಿದು ದಾರಿ ಬಿಟ್ಟರು. ಕೆಂಪು ರುಮಾಲು ಕೊಯ್ದ ತೊಗರಿ ಹೊಲದ ಆಚೆ ಬಹಳ ಹೊತ್ತು ಕಾಣುತ್ತಿತ್ತು. ಶರ್ಯತ್ತು ನಡೆಯಿತು, ಆಳಂದ ಕಡೆಯ ಒಂದು ಬೂದು ಕುದುರೆ ಗೆದ್ದಿತು. ಊಟದ ಹೊತ್ತಿಗೆ ಗಾಡಿಯವರೆಲ್ಲ ಗುಂಪು ಗುಂಪಾಗಿ ಬುತ್ತಿ ಬಿಚ್ಚಿ ಕೂತರು. ಧಮ್ಮಪಾಲ ಮೇಜಿನ ಪಕ್ಕ ಬಾಟಲಿಯ ಪೆಟ್ಟಿಗೆ ಕಾಯುತ್ತ ನಿಂತಿದ್ದ. ಶೈಲಶ್ರೀ ತನ್ನ ಡಬ್ಬಿಯಿಂದ ಎರಡು ಚಪಾತಿ ಕೊಟ್ಟಳು. ಅವನು ಕೈಯಲ್ಲಿ ಹಿಡಿದುಕೊಂಡು, ಆಮೇಲೆ ತಿನ್ನುತ್ತೇನೆ ಎಂದ.

ಮೂರು ದಿನ ಅವನು ಫಯಾಜನ ಮನೆಯ ಕಡೆ ಹೋಗಲಿಲ್ಲ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಅವನು ಬಂದರೆ ಮಾತು ನಿಲ್ಲುತ್ತಿತ್ತು. ಆ ನಿಲ್ಲುವಿಕೆ ಅವನಿಗೆ ಚೆನ್ನಾಗಿ ಗೊತ್ತಿದ್ದದ್ದೇ. ಬೆಂಗಳೂರಿನಲ್ಲಿ ಅದು ನೋಯಿಸಿರಲಿಲ್ಲ, ಯಾಕೆಂದರೆ ಅಲ್ಲಿ ಅದಕ್ಕೆ ಮೊದಲು ಏನೂ ಇರಲಿಲ್ಲ. ನಾಲ್ಕನೆಯ ದಿನ ಸಂಜೆ ಹೋದ. ಫಯಾಜ ಅಂಗಳದಲ್ಲಿ ಕುದುರೆಯ ಕಾಲಿಗೆ ನೀರು ಹಾಕುತ್ತಿದ್ದ. ನಿಲ್ಲಿಸಲಿಲ್ಲ, ತಿರುಗಲೂ ಇಲ್ಲ.

"ಕಾಲು ಮುರೀತಿತ್ತು ಫಯಾಜ" ಎಂದ ಧಮ್ಮಪಾಲ, ಬಾಗಿಲಲ್ಲೇ ನಿಂತು. "ಎರಡ ಸಲ ನೋಡೇನಿ ನಾ. ನೋವು ಗೊತ್ತಾಗಲಿಲ್ಲ ಅಂದ್ರ ಅದು ನಿಂದರೂದಿಲ್ಲ."

"ಗೊತ್ತದ."

"ಗೊತ್ತಿದ್ದು ಹಾಕಿದಿ?"

"ಆಗ ಗೊತ್ತಿರಲಿಲ್ಲ. ಮರುದಿನ ಮದ್ದು ಇಳದ ಮ್ಯಾಲ ಕುದ್ರಿ ಕಾಲು ನೆಲಕ್ಕ ಹಚ್ಚಲಿಲ್ಲ. ಆಗ ಗೊತ್ತಾತು." ಫಯಾಜ ತಂಬಿಗೆ ಕೆಳಗಿಟ್ಟ. "ನೀವು ಮಾಡಿದ್ದು ತಪ್ಪು ಅನ್ನೂದಿಲ್ಲ ನಾ. ಕುದ್ರಿ ಉಳೀತು. ಆದ್ರ ಕಾಕಾ, ಹತ್ತು ಹೆಜ್ಜಿ ನಡಿಸಿದ್ರಿ, ನನ್ನ ಬಾಜೂಕೇ ನಿಂತಿದ್ರಿ. ಕಿವಿಯಾಗ ಒಂದ ಮಾತು, ಫಯಾಜ, ಬಿಚ್ಚು, ಇದು ಓಡೂದು ಬ್ಯಾಡ ಅಂದಿದ್ರ ನಾ ಬಿಚ್ಚತಿದ್ದಿಲ್ಲೇನು? ನಿಮ್ಮ ಮಾತು ತಗದ ಹಾಕ್ತಿದ್ದೆನೇನು? ಸೀದಾ ಹೋಗಿ ನಂಬರ್ ಹೇಳಿದ್ರಿ. ನನ್ನ ಹೆಸರ ಸುದ್ದಾ ಹೇಳಲಿಲ್ಲ. ಏಳನೇ ನಂಬರ್ ಅಂದ್ರಿ."

ಕಿವಿಯಲ್ಲಿ ಹೇಳಬಹುದಿತ್ತು ಎನ್ನುವುದು ಆ ದಿನ ಧಮ್ಮಪಾಲನಿಗೆ ಹೊಳೆದಿರಲೇ ಇಲ್ಲ. ಹೊಳೆದು, ಬೇಡವೆಂದು ಬಿಟ್ಟಿದ್ದರೆ ಅದು ಬೇರೆ ಮಾತು. ಗಂಟು ಬೆರಳಿಗೆ ಸಿಕ್ಕ ಕೂಡಲೇ ಅವನು ಬಗಲಲ್ಲಿದ್ದ ಮನುಷ್ಯನನ್ನು ಮರೆತಿದ್ದ. ಇದನ್ನು ಹೇಗೆ ಹೇಳುವುದು, ಹೇಳಿದರೆ ಯಾರು ನಂಬುತ್ತಾರೆ? "ತಣ್ಣೀರು ಬಿಡಬ್ಯಾಡ" ಎಂದು ಹೇಳಿ ತಿರುಗಿ ಬಂದ. ಒಳಗಿನಿಂದ ಮೆಹರಾಜಬೇಗಂ ಹೊರಗೆ ಬರಲಿಲ್ಲ. ರೊಟ್ಟಿ ಬಡಿಯುವ ಸದ್ದು ಮಾತ್ರ ಓಣಿಯ ತಿರುವಿನ ತನಕ ಕೇಳಿಸಿತು.

ಏಪ್ರಿಲ್‌ನಲ್ಲಿ ಪರೀಕ್ಷೆಯ ವರದಿ ಬಂತು. ನೋವು ಅಡಗಿಸುವ ಮದ್ದು ಇದ್ದದ್ದು ಖಾತ್ರಿಯಾಗಿತ್ತು. ಎರಡು ವರ್ಷ ಯಾವ ಶರ್ಯತ್ತಿನಲ್ಲೂ ಫಯಾಜ ಗಾಡಿ ಹೂಡುವಂತಿಲ್ಲವೆಂದು ಆದೇಶವಾಯಿತು. ಅದನ್ನು ಮನೆಗೆ ಮುಟ್ಟಿಸಿ ಸಹಿ ತರಬೇಕು.

"ನಾ ಬ್ಯಾರೆಯವರನ್ನ ಕಳಸ್ತೇನಿ ಬಿಡ್ರಿ" ಎಂದಳು ಶೈಲಶ್ರೀ.

"ಬ್ಯಾಡ್ರಿ. ನಾನೇ ಹೋಗ್ತೇನಿ."

ಫಯಾಜ ಆಟೋ ತೆಗೆದುಕೊಂಡು ಹೋಗಿದ್ದ. ಮೆಹರಾಜಬೇಗಂ ಬಾಗಿಲಿಗೆ ಬಂದು, ಲಕೋಟೆ ತೆಗೆದುಕೊಂಡು, ಹೆಬ್ಬೆಟ್ಟು ಒತ್ತಿದಳು. ಬೆರಳಿನ ಮಸಿಯನ್ನು ಗೋಡೆಗೆ ಒರೆಸುತ್ತ ಹೇಳಿದಳು:

"ನಿಮ್ಮ ಮ್ಯಾಲ ಸಿಟ್ಟಿಲ್ಲ ಭಾಯಿ ನನಗ. ಆದ್ರ ಒಳಗ ಬರ್ರಿ ಅಂತ ಅನ್ನಾಕ ಬಾಯಿ ಬರವಲ್ದು. ಮಗ ಮನ್ಯಾಗ ತಲಿ ಕೆಳಗ ಹಾಕಿ ಉಣ್ಣಾಕತ್ತಾನ. ತಾಯಿ ನಾನು."

"ಗೊತ್ತಾಗ್ತದ್ರಿ ಅಕ್ಕಾ."

"ಉಂಡೀರೇನು?"

"ಉಂಡೇನ್ರಿ" ಎಂದ. ಉಂಡಿರಲಿಲ್ಲ. ಉಂಡಿಲ್ಲವೆಂದರೆ ಅವಳಿಗೆ ಕಷ್ಟವಾಗುತ್ತಿತ್ತು.

ಮೇ ತಿಂಗಳಲ್ಲಿ ಹಿರೋಳ್ಳಿಯಲ್ಲೊಂದು ಶರ್ಯತ್ತು ಇತ್ತು. ಆಳಂದದ ವೈದ್ಯರು ಕೇಳಿದ್ದರೆಂದು ಶೈಲಶ್ರೀ ಅವನನ್ನು ಕಳಿಸಿದಳು. ಅಲ್ಲಿ ಸೊಲ್ಲಾಪುರ ಕಡೆಯ ಮುದುಕನೊಬ್ಬನ ಕುದುರೆಯ ಕೊರಳಲ್ಲಿ ಅಂಥದೇ ಗಂಟು ಅವನ ಬೆರಳಿಗೆ ಸಿಕ್ಕಿತು. ಮೇಜು ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು. ಧಮ್ಮಪಾಲ ಲಗಾಮು ಸರಿಮಾಡುವವನಂತೆ ಹತ್ತಿರ ಸರಿದು, "ಅಜ್ಜಾ, ಕುದ್ರಿ ಬಿಚ್ಚು. ಇವತ್ತು ಬ್ಯಾಡ. ನಾ ಹೇಳೂದಕ್ಕಿಂತ ಮದಲ ನೀನೇ ಬಿಚ್ಚು" ಎಂದ. ಅವನ ಎದೆ ಕಳ್ಳತನ ಮಾಡಿದವನ ಎದೆಯ ಹಾಗೆ ಹೊಡೆದುಕೊಳ್ಳುತ್ತಿತ್ತು. ಮುದುಕ ಅವನನ್ನು ಮೇಲಿಂದ ಕೆಳಗೆ ನೋಡಿದ. ಮರಾಠಿಯಲ್ಲಿ ಏನೋ ಬೈದ. ಆಮೇಲೆ ಬಿಚ್ಚಿದ, ಕುದುರೆಗೆ ಹೊಟ್ಟೆನೋವೆಂದು ಕಮಿಟಿಯವರಿಗೆ ಹೇಳಿ ಹೊರಟುಹೋದ. ಬಸ್ಸಿನಲ್ಲಿ ವಾಪಸು ಬರುವಾಗ ಧಮ್ಮಪಾಲ ಆ ಮಾತು ಯಾರಿಗಾದರೂ ಹೇಳಬೇಕೆಂದುಕೊಂಡ. ಹೇಳಬೇಕಾದವನು ಒಬ್ಬನೇ ಇದ್ದ.

ರೇಸು ಮತ್ತೆ ಶುರುವಾಗಿದೆ, ಬರುತ್ತೀಯಾ ಎಂದು ಬೆಂಗಳೂರಿನಿಂದ ಒಮ್ಮೆ ಫೋನು ಬಂತು. ಇಲ್ಲವೆಂದ. ಯಾಕೆಂದು ಕೇಳಿದ್ದಕ್ಕೆ, ಇಲ್ಲಿ ದನಕರು ಬಹಳ ಇವೆ ಎಂದ.

ಜುಲೈನಲ್ಲಿ, ಎರಡು ದಿನ ಜಿಟಿಜಿಟಿ ಮಳೆ ಬಿದ್ದ ಮೇಲೆ, ಫಯಾಜ ಕುದುರೆ ಹೊಡೆದುಕೊಂಡು ಆಸ್ಪತ್ರೆಗೆ ಬಂದ. ರೇಶಮಾಳಿಗೆ ಕೆಮ್ಮು ಹತ್ತಿತ್ತು. ಕಾಲು ಪೂರ್ತಿ ವಾಸಿಯಾಗಿತ್ತು, ಗೇಟಿನಿಂದ ಒಳಗೆ ಬರುವಾಗಲೇ ಧಮ್ಮಪಾಲ ಅದನ್ನು ನೋಡಿದ. ಮದುವೆಯ ಮೆರವಣಿಗೆಗಳಿಗೆ ಈಗ ಫಯಾಜ ಅದನ್ನು ಕಳಿಸುತ್ತಿದ್ದಾನೆಂದು ಯಾರೋ ಹೇಳಿದ್ದರು. ಕೊರಳಲ್ಲಿ ಗೆಜ್ಜೆ ಕಟ್ಟಿದ ಗುರುತಿತ್ತು.

ಫಯಾಜ ಶೈಲಶ್ರೀಯ ಮುಖ ನೋಡಿಯೇ ಮಾತಾಡಿದ. "ಮೂರು ದಿನ ಆತ್ರಿ ಮೇಡಂ. ಮೇವು ಕಮ್ಮಿ ಮಾಡೇದ."

"ಧಮ್ಮಪಾಲ ಅವರೇ, ತಲಿ ಹಿಡೀರಿ" ಎಂದಳು ಅವಳು.

ಧಮ್ಮಪಾಲ ಹಿಡಿದ. ಕುದುರೆ ಅವನ ಭುಜದ ಮೇಲೆ ಬಾಯಿ ಇಟ್ಟು ಬಿಸಿ ಉಸಿರು ಬಿಟ್ಟಿತು. ಅದರ ಆ ಬದಿಗೆ ಫಯಾಜ, ಈ ಬದಿಗೆ ಇವನು. ನಡುವೆ ಒಂದು ಕೊರಳಿನಷ್ಟೇ ಜಾಗ. ಹಿರೋಳ್ಳಿಯಲ್ಲಿ ಆ ಮುದುಕನಿಗೆ ಗುಟ್ಟಾಗಿ ಹೇಳಿದ ಸಂಗತಿ ಅವನ ನಾಲಗೆಯ ತುದಿಗೆ ಬಂತು. ಶೈಲಶ್ರೀ ಎದೆಗೆ ಕೊಳವೆ ಹಚ್ಚಿ ಕೇಳುತ್ತಿದ್ದಳು, ಸದ್ದು ಮಾಡುವಂತಿರಲಿಲ್ಲ. ಆಮೇಲೆ ಅವಳು ಔಷಧಿಯ ಪುಡಿ ಕೊಟ್ಟಳು, ಬೆಲ್ಲದಲ್ಲಿ ಕಲೆಸಿ ತಿನ್ನಿಸಬೇಕೆಂದಳು, ಮಳೆಯಲ್ಲಿ ಹೊರಗೆ ಕಟ್ಟಬೇಡವೆಂದಳು, ಫೋನು ಬಂತೆಂದು ಒಳಗೆ ಹೋದಳು.

ಫಯಾಜ ಪುಡಿಯ ಪೊಟ್ಟಣ ಜೇಬಿಗೆ ಹಾಕಿಕೊಂಡ. ಧಮ್ಮಪಾಲನ ಕೈಯಿಂದ ಹಗ್ಗ ತೆಗೆದುಕೊಂಡ. ಕುದುರೆಯನ್ನು ತಿರುಗಿಸಿ, ಗೇಟಿನ ಕಡೆ ನಾಲ್ಕು ಹೆಜ್ಜೆ ಇಟ್ಟು, ಹಿಂದೆ ನೋಡದೆ, "ಬರ್ತೇನ್ರಿ" ಎಂದ.

ಒಳಗಿದ್ದ ಮೇಡಂಗೆ ಅಂದದ್ದೋ, ತನಗೆ ಅಂದದ್ದೋ ಧಮ್ಮಪಾಲನಿಗೆ ತಿಳಿಯಲಿಲ್ಲ. ಯೋಚಿಸುವುದರಲ್ಲೇ ಕುದುರೆ ರಸ್ತೆಗೆ ಇಳಿದಿತ್ತು.

"ಹೂಂ, ಬಾ" ಎಂದ ಅವನು. ಮಳೆ ಮತ್ತೆ ಹಿಡಿದಿತ್ತು. ಅಂಗಳದಲ್ಲಿ ಬಿದ್ದಿದ್ದ ಲದ್ದಿಯನ್ನು ಬಳಿದು ಬುಟ್ಟಿಗೆ ಹಾಕಿ, ಕಟ್ಟಿಹಾಕಿದ್ದ ಎಮ್ಮೆಯ ಕಡೆ ಹೋದ.